ಕಂಪ್ಯೂಟರುಗಳ ಧಾರಣೆಯೂ ಕೊಳ್ಳುವವರ ಪೇಚಾಟವೂ

2025ನೆಯ ಇಸವಿಯ ಅಕ್ಟೋಬರ 14ರಂದು ಅಮೇರಿಕೆಯ ಮೈಕ್ರೋಸಾಫ್ಟ್ ಕಂಪನಿಯು ತನ್ನ ವಿಂಡೋಸ್ 10ಕ್ಕೆ ಎಂದಿನಂತೆ ರಕ್ಷಣೆಯ ಪರಿಷ್ಕರಣಗಳನ್ನು ಕೊಡುವುದನ್ನು ನಿಲ್ಲಿಸಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ, ಪೇಟೆಯವರು ರ್‍ಯಾಮ್ ಎಂದು ಕರೆಯುವ ಸ್ಮರಣೆಯ ಪಟ್ಟಿಗಳ ಧಾರಣೆಯು ಇಮ್ಮಡಿಗೂ ಮೀರಿ ಏರಿತು. ಈ ಎರಡು ಸಂಗತಿಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಒಂದು ಅಮೇರಿಕೆಯ ಕಚೇರಿಯೊಂದರ ನಿರ್ಧಾರ, ಇನ್ನೊಂದು ಬಹುಮಟ್ಟಿಗೆ ಕೊರಿಯದ ಕಾರ್ಖಾನೆಗಳ ಲೆಕ್ಕಾಚಾರ. ಆದರೆ ಎರಡರ ಭಾರವೂ ಬಂದು ಬಿದ್ದಿರುವುದು, ಮಗಳ ಕಾಲೇಜಿಗೆಂದೋ ಹೋಟೆಲಿನ ಗಲ್ಲೆಯಲ್ಲಿ ಬಿಲ್ಲು ಬರೆಯುವುದಕ್ಕೆಂದೋ ಒಂದು ಯಂತ್ರ ಕೊಳ್ಳಬೇಕೆಂದು ಎರಡು ವರ್ಷ ಹಣ ಕೂಡಿಟ್ಟ ನಮ್ಮಂಥವರ ಮೇಲೆ.

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಮದರಾಸಿನ ರಿಚೀ ಸ್ಟ್ರೀಟ್, ಬೆಂಗಳೂರಿನ ಎಸ್. ಪಿ. ರಸ್ತೆ - ಇಲ್ಲೆಲ್ಲ ದೊಡ್ಡ ಕಚೇರಿಗಳು ತೆಗೆದುಹಾಕಿದ ಕಂಪ್ಯೂಟರುಗಳನ್ನು ಒರಸಿ, ಒಪ್ಪ ಮಾಡಿ ಮಾರುವ ವ್ಯಾಪಾರವು ಹೊಸದೇನಲ್ಲ. ವಿಂಡೋಸ್ 10ರ ಗಡುವಿನಿಂದ ಅಂಥ ಯಂತ್ರಗಳು ಪೇಟೆಗೆ ಇನ್ನಷ್ಟು ಬಂದು ಬೀಳುವುದು ಸಹಜವೇ ಆಗಿದೆ. ಹೊಸ ಯಂತ್ರವು ತುಟ್ಟಿಯಾದಾಗ ಹಳೆಯದರ ಕಡೆಗೆ ಕಣ್ಣು ಹೋಗುವುದೂ ಅಷ್ಟೇ ಸಹಜ. ಹಳೆಯದನ್ನು ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಏನನ್ನು ಕೊಳ್ಳುತ್ತಿದ್ದೇವೆಂಬುದನ್ನು ಅರಿತು ಕೊಳ್ಳಬೇಕಾಗಿದೆ.

ಮುಂಬಯಿಯ ಕಚೇರಿಯೊಂದರಲ್ಲಿ ಕಾರಕೂನರಾಗಿರುವ ನಮ್ಮ ಪರಿಚಿತರೊಬ್ಬರು 2025ರ ಜೂನಿನಲ್ಲಿ ಮಗಳ ವ್ಯಾಸಂಗಕ್ಕೆಂದು ಇಂಥದೊಂದು ಯಂತ್ರವನ್ನು ತಂದರು. ‘ಐ-7 ಇದೆ, ಸಾಹೇಬರೇ, ಇದಕ್ಕಿಂತ ಮೇಲಿನದು ಯಾವುದು?’ ಎಂದನಂತೆ ಅಂಗಡಿಯವನು. ಅದು ಐ-7 ಆಗಿದ್ದುದು ನಿಜವೇ. ಆದರೆ ಪೆಟ್ಟಿಗೆಯೊಳಗೆ ಇದ್ದುದು ಐ-7 3770, ಎಂದರೆ 2012ರ ಸರಕು. ನಾಲ್ಕು ತಿಂಗಳಾಗುವಷ್ಟರಲ್ಲಿ ಗಡುವು ಬಂತು. ವಿಂಡೋಸ್ 11 ಆ ಯಂತ್ರವನ್ನು ಒಪ್ಪಲಿಲ್ಲ. ಅಂಗಡಿಯವನು ಸುಳ್ಳು ಹೇಳಲಿಲ್ಲ. ಪೂರ್ತಿಯಾಗಿ ಹೇಳಲಿಲ್ಲ, ಅಷ್ಟೆ.

ಈ ಅಂಕೆಗಳ ಒಗಟನ್ನು ಬಿಡಿಸುವುದು ಕಷ್ಟವಲ್ಲ. ಇಂಟೆಲ್ ಕಂಪನಿಯ ಸಂಸ್ಕಾರಕಗಳಲ್ಲಿ ಐ-3, ಐ-5, ಐ-7 ಎಂಬುವು ಒಂದೇ ತಲೆಮಾರಿನೊಳಗಿನ ಅಂತಸ್ತುಗಳು ಮಾತ್ರ. ತಲೆಮಾರು ಯಾವುದೆಂಬುದನ್ನು ಹೇಳುವುದು ಅಡ್ಡಗೆರೆಯ ಮುಂದಿನ ಸಂಖ್ಯೆಯ ಮೊದಲ ಅಂಕೆ: 3770 ಎಂದರೆ ಮೂರನೆಯದು, 8500 ಎಂದರೆ ಎಂಟನೆಯದು, ಐದು ಅಂಕೆಗಳಿದ್ದರೆ ಮೊದಲ ಎರಡನ್ನು ಓದಬೇಕು, 12100 ಎಂದರೆ ಹನ್ನೆರಡನೆಯದು. 2022ರ ಆರಂಭದಲ್ಲಿ ಬಂದ ಐ-3 12100, ಹೆಸರಿನಲ್ಲಿ ಕಿರಿಯದಾದರೂ, ಮೇಲೆ ಹೇಳಿದ ಐ-7ರ ಸುಮಾರು ಇಮ್ಮಡಿ ಕೆಲಸ ಮಾಡಬಲ್ಲುದು. ವಿಂಡೋಸ್ 11 ಒಪ್ಪಿಕೊಳ್ಳುವುದು ಸಾಮಾನ್ಯವಾಗಿ ಎಂಟನೆಯ ತಲೆಮಾರಿನಿಂದ, ಅಂದರೆ 2017ರ ಉತ್ತರಾರ್ಧದಿಂದ ಈಚಿನವುಗಳನ್ನು, ಜೊತೆಗೆ ಟಿ.ಪಿ.ಎಂ. 2.0 ಎಂಬ ರಕ್ಷಣೆಯ ವ್ಯವಸ್ಥೆಯೂ ಯಂತ್ರದಲ್ಲಿರಬೇಕು. ಕೊಳ್ಳುವವರಿಗೆ ಈ ಎಂಟು ಎಂಬ ಅಂಕೆಯೊಂದು ನೆನಪಿದ್ದರೆ ಅರ್ಧ ಕೆಲಸ ಆದಂತೆಯೇ.

ಹೊಸ ಸರಕಿನಲ್ಲಿಯೂ ಹೆಸರಿನ ಗೊಂದಲವಿಲ್ಲದಿಲ್ಲ. ಎ.ಎಂ.ಡಿ. ಕಂಪನಿಯ ರೈಜನ್ 5 7520 ಯು ಎಂಬುದು 2022ರಲ್ಲಿ ಏಳು ಸಾವಿರದ ಅಂಕೆಯನ್ನು ಹೊತ್ತು ಬಂದಿತಾದರೂ ಅದರ ಒಳರಚನೆ 2019ರದು. ಅದನ್ನು ಅರಿಯಬೇಕಾದರೆ ಮೂರನೆಯ ಅಂಕೆಯನ್ನು ನೋಡತಕ್ಕದ್ದೆಂದು ಕಂಪನಿಯೇ ಸೂತ್ರ ಮಾಡಿತು. ಸಾಮಾನ್ಯ ಗ್ರಾಹಕನು ಮೂರನೆಯ ಅಂಕೆಯನ್ನು ಏಕೆ ನೋಡಿಯಾನು? ಇದು ಪ್ರಾಮಾಣಿಕ ವ್ಯಾಪಾರದ ಲಕ್ಷಣವೆಂದು ನಮಗೆ ತೋರುವುದಿಲ್ಲ.

ಇನ್ನು ಸ್ಮರಣೆ ಮತ್ತು ಸಂಗ್ರಹ. ಇವೆರಡನ್ನೂ ಒಂದೆಂದೇ ಭಾವಿಸಿ ಮೋಸ ಹೋಗುವವರು ಬಹಳ. ಹೋಟೆಲಿನ ಅಡಿಗೆಮನೆ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಸಂಸ್ಕಾರಕವು ಅಡಿಗೆಯ ಭಟ್ಟರು. ರ್‍ಯಾಮ್ ಅವರ ಮುಂದಿನ ಮೇಜು. ಡಿಸ್ಕು ಹಿಂದಿನ ಉಗ್ರಾಣ. ಮೇಜು ಚಿಕ್ಕದಾದರೆ ಭಟ್ಟರು ಎಷ್ಟೇ ಚುರುಕಾಗಿದ್ದರೂ ಹತ್ತು ಸಲ ಉಗ್ರಾಣಕ್ಕೆ ಓಡಬೇಕಾಗುವುದು. ಆ ಉಗ್ರಾಣವು ಹಳೆಯ ಕಾಲದ ತಿರುಗುವ ಡಿಸ್ಕಾಗಿದ್ದರೆ ಒಂದೊಂದು ಸಲಕ್ಕೆ ಒಂದು ಸೆಕೆಂಡಿನ ನೂರರಲ್ಲೊಂದು ಪಾಲು ಬೇಕು, ಎಸ್.ಎಸ್.ಡಿ. ಆಗಿದ್ದರೆ ಅದಕ್ಕಿಂತ ನೂರು ಪಟ್ಟು ಕಡಮೆ. ಆದುದರಿಂದಲೇ ‘ಕಂಪ್ಯೂಟರು ಮುದಿಯಾಯಿತು’ ಎಂದು ಬೈಸಿಕೊಳ್ಳುವ ಎಷ್ಟೋ ಯಂತ್ರಗಳಲ್ಲಿ ನಿಜವಾಗಿ ಮುದಿಯಾಗಿರುವುದು ಉಗ್ರಾಣವೊಂದೇ. ಡಿಸ್ಕನ್ನು ಬದಲಾಯಿಸಿದರೆ ಮುದುಕನು ಎದ್ದು ಓಡುವನು. ಬಿಲ್ಲಿನ ಕೆಲಸ, ಪತ್ರವ್ಯವಹಾರ, ಹುಡುಗರ ಪಾಠ ಇವುಗಳಿಗೆ 8 ಜಿ.ಬಿ. ಮೇಜು ಸಾಕು, 16 ಇದ್ದರೆ ನೆಮ್ಮದಿ, 4 ಇದ್ದರೆ ಕಿರಿಕಿರಿ. (1 ಟಿ.ಬಿ. ಎಂದು ಕೊಂಡ ಡಿಸ್ಕು ವಿಂಡೋಸಿನಲ್ಲಿ 931 ಎಂದು ತೋರಿದರೆ ಜಗಳಕ್ಕೆ ಹೋಗಬಾರದು. ಹಿಂದೆ ಊರಿಗೊಂದು ಸೇರು ಇದ್ದಂತೆ, ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸು 1024ರ ಲೆಕ್ಕದಲ್ಲಿಯೂ ಅಳೆಯುವುದರ ಫಲ ಅದು.)

ಮೇಜಿನ ಬೆಲೆ ಏಕೆ ಏರಿತೆಂಬುದೇ ಮುಖ್ಯ ಪ್ರಶ್ನೆ. ಜಗತ್ತಿನ ಸ್ಮರಣೆಯ ಚಿಪ್ಪುಗಳಲ್ಲಿ ಬಹುಪಾಲನ್ನು ಮಾಡುವವರು ಮೂವರೇ: ಕೊರಿಯದ ಸ್ಯಾಮ್‌ಸಂಗ್ ಮತ್ತು ಎಸ್. ಕೆ. ಹೈನಿಕ್ಸ್, ಅಮೇರಿಕೆಯ ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಭಾರೀ ಯಂತ್ರಶಾಲೆಗಳಿಗೆ ಬೇಕಾಗುವ ವಿಶೇಷ ಬಗೆಯ ಸ್ಮರಣೆಗೆ ಈ ಮೂವರೂ ತಮ್ಮ ಕಾರ್ಖಾನೆಗಳನ್ನು ತಿರುಗಿಸಿದರು. ಆ ಬಗೆಯ ಒಂದು ಜಿ.ಬಿ.ಗೆ, ಸಾಮಾನ್ಯ ಕಂಪ್ಯೂಟರಿನ ಒಂದು ಜಿ.ಬಿ.ಗೆ ತಗಲುವ ಸಿಲಿಕಾನ್ ತಟ್ಟೆಯ ಮೂರು ಪಾಲು ಬೇಕೆಂದು ಮೈಕ್ರಾನ್ ಕಂಪನಿಯೇ ಹೇಳಿದೆ. ಅಲ್ಲಿ ಒಂದು ಹೆಚ್ಚಾದರೆ ಇಲ್ಲಿ ಮೂರು ಕಡಮೆಯಾಗುವುದೆಂಬ ಲೆಕ್ಕ ಇದು. 2025ರ ಅಕ್ಟೋಬರ ಮೊದಲ ದಿನ ಅಮೇರಿಕೆಯ ಓಪನ್ ಎ.ಐ. ಸಂಸ್ಥೆಯು ಕೊರಿಯದ ಎರಡೂ ಕಂಪನಿಗಳೊಡನೆ ಮಾಡಿಕೊಂಡ ಪ್ರಾಥಮಿಕ ಒಪ್ಪಂದದಲ್ಲಿ ತಿಂಗಳಿಗೆ 9 ಲಕ್ಷ ತಟ್ಟೆಗಳ ವರೆಗಿನ ಬೇಡಿಕೆಯ ಮಾತಿತ್ತು. ಡಿಸೆಂಬರ 3ರಂದು ಮೈಕ್ರಾನ್ ಕಂಪನಿಯು, ಚಿಲ್ಲರೆ ಗಿರಾಕಿಗಳಿಗೆ ಸುಮಾರು ಮೂವತ್ತು ವರ್ಷ ಮಾರಿಕೊಂಡು ಬಂದ ತನ್ನ ಕ್ರೂಷಿಯಲ್ ಎಂಬ ಹೆಸರಿನ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಸಗಟು ಗಿರಾಕಿ ಬಾಗಿಲಲ್ಲಿ ನಿಂತಾಗ ಬಿಡಿ ಗಿರಾಕಿಗೆ ಎಲೆ ಹಾಕುವವರಾರು? ಎಸ್.ಎಸ್.ಡಿ.ಗಳ ಧಾರಣೆಯೂ ಇದರ ಬೆನ್ನಿಗೇ ಏರಿತು.

ನಮ್ಮ ಸರಕಾರವು ಸುಮ್ಮನಿದ್ದಿಲ್ಲ. 2023ರ ಆಗಸ್ಟಿನಲ್ಲಿ ಲ್ಯಾಪ್‌ಟಾಪುಗಳ ಆಮದಿಗೆ ಪರವಾನಗಿ ಬೇಕೆಂದು ಥಟ್ಟನೆ ವಿಧಿಸಿ, ಮರುದಿನವೇ ಮೂರು ತಿಂಗಳ ಅವಕಾಶ ಕೊಟ್ಟು, ಕೊನೆಗೆ ಸಡಿಲಾದ ಒಂದು ಅನುಮತಿಯ ಪದ್ಧತಿಗೆ ಬಂದು ನಿಂತಿತು. ಗುಜರಾತಿನ ಸಾಣಂದದಲ್ಲಿ ಮೈಕ್ರಾನಿನ ಕಾರ್ಖಾನೆಗೆ ಉದಾರವಾದ ಸಹಾಯಧನವನ್ನೂ ಒಪ್ಪಿತು. ಆದರೆ ಅದು ಚಿಪ್ಪುಗಳನ್ನು ಜೋಡಿಸಿ ಪರೀಕ್ಷಿಸುವ ಕಾರ್ಖಾನೆಯೇ ಹೊರತು ಸಿಲಿಕಾನ್ ತಟ್ಟೆಯ ಮೇಲೆ ಅವುಗಳನ್ನು ರಚಿಸುವುದಲ್ಲ. ತಟ್ಟೆಗಳ ಅಭಾವವಾದಾಗ ಅದರಿಂದ ಲ್ಯಾಮಿಂಗ್ಟನ್ ರಸ್ತೆಯ ಧಾರಣೆ ಇಳಿಯುವುದೆಂದು ನಾವು ನಂಬಲಾರೆವು.

ಹೀಗಿರುವಾಗ ಕೊಳ್ಳುವವರು ಮಾಡಬಹುದಾದುದೇನು? ವಿಂಡೋಸ್ 10 ಇರುವ ಯಂತ್ರವನ್ನು ಗುಜರಿಗೆ ಹಾಕುವ ಅವಸರ ಬೇಡ. ಮೈಕ್ರೋಸಾಫ್ಟಿನಲ್ಲಿ ಖಾತೆ ತೆರೆದು ಹೆಸರು ನೋಂದಾಯಿಸಿದ ಗೃಹಬಳಕೆಯ ಗ್ರಾಹಕರಿಗೆ 2026ರ ಅಕ್ಟೋಬರ 13ರ ವರೆಗೆ ರಕ್ಷಣೆಯನ್ನು ಮುಂದುವರಿಸಲಾಯಿತು. ಯಂತ್ರದ ಏರ್ಪಾಟುಗಳನ್ನು ಆ ಖಾತೆಯಲ್ಲಿ ಉಳಿಸಿಡಲು ಒಪ್ಪಿದವರಿಗೆ ಇದಕ್ಕೆ ಹಣವನ್ನೂ ಕೇಳಲಿಲ್ಲ. ಹಳೆಯದನ್ನು ಕೊಳ್ಳಹೊರಟವರು ಅಂಗಡಿಯಲ್ಲಿಯೇ ಅರ್ಧ ಗಂಟೆ ಕುಳಿತುಕೊಳ್ಳಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿ ಸಂಸ್ಕಾರಕದ ಪೂರ್ಣ ಹೆಸರು, ಸ್ಮರಣೆ ಎಷ್ಟು, ಪಟ್ಟಿ ಕೂರಿಸುವ ಸ್ಥಾನಗಳಲ್ಲಿ ಎಷ್ಟು ತುಂಬಿವೆ ಎಂಬುದೆಲ್ಲ ಕಾಣುವುದು. ಚೀಟಿಯ ಮೇಲೆ ಬರೆದುದನ್ನು ನಂಬಬೇಕಾಗಿಲ್ಲ. ಲ್ಯಾಪ್‌ಟಾಪಾದರೆ ಪಟ್ಟಿಯನ್ನು ಬದಲಾಯಿಸಲು ಬರುವುದೋ, ಹಲಗೆಗೇ ಬೆಸೆದಿದೆಯೋ ಎಂದು ಕೇಳಬೇಕು. ಬೆಸೆದಿದ್ದರೆ ಇವತ್ತಿನ 4 ಜಿ.ಬಿ. ಎಂದೆಂದಿಗೂ 4 ಜಿ.ಬಿ.ಯೇ. ಬ್ಯಾಟರಿಯು ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುವುದು ಎಂಬ ವರದಿಯನ್ನು ವಿಂಡೋಸೇ ಬರೆದುಕೊಡುವುದು. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದೇ ಮಾತಾಡಬೇಕು. ಇದನ್ನೆಲ್ಲ ನೋಡಗೊಡದ ಅಂಗಡಿಯಿಂದ ಎದ್ದು ಬರುವುದು ಲೇಸು.

ಮೇಲೆ ಹೇಳಿದ ಪರಿಚಿತರು ತಮ್ಮ ಐ-7ನ್ನು ಮಾರಲು ಹೋಗಲಿಲ್ಲ. ಮಾರಿದ್ದರೆ ಕೊಟ್ಟುದರ ಕಾಲುಭಾಗವೂ ಬರುತ್ತಿರಲಿಲ್ಲ. ತಿರುಗುವ ಡಿಸ್ಕನ್ನು ತೆಗೆಯಿಸಿ ಚಿಕ್ಕದೊಂದು ಎಸ್.ಎಸ್.ಡಿ. ಹಾಕಿಸಿದರು; ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಮಗಳ ಸಹಪಾಠಿಯೊಬ್ಬನು ಬಂದು ಕೂರಿಸಿಕೊಟ್ಟನು. ಕನ್ನಡದ ಅಕ್ಷರಗಳೂ ಅದರಲ್ಲಿ ಸರಿಯಾಗಿ ಮೂಡುತ್ತಿವೆ. ಕಾಲೇಜಿನವರು ಕಡ್ಡಾಯ ಮಾಡಿರುವ ಲೆಕ್ಕಪತ್ರದ ತಂತ್ರಾಂಶವೊಂದು ಮಾತ್ರ ಅದರಲ್ಲಿ ನಡೆಯುವುದಿಲ್ಲವಾಗಿ, ಅದಕ್ಕಾಗಿ ಹುಡುಗಿಯು ಶನಿವಾರಗಳಲ್ಲಿ ಕಾಲೇಜಿನ ಪ್ರಯೋಗಶಾಲೆಗೆ ಹೋಗಿ ಬರುತ್ತಿದ್ದಾಳೆ.