ಬಹುಮತ ಎಣಿಸುವ ಜಾಗ ರಾಜಭವನವಲ್ಲ

ಒಂದು ಸರ್ಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದನ್ನು ಎಲ್ಲಿ ಎಣಿಸಬೇಕು? ಶಾಸನಸಭೆಯಲ್ಲಿ ಎಂದು ಶಾಲೆಯ ಹುಡುಗನೂ ಹೇಳುತ್ತಾನೆ. ದೆಹಲಿಯ ದೊರೆಗಳಿಗೆ ಈ ಪಾಠ ತಲೆಗೆ ಹತ್ತಬೇಕಾದರೆ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು ಬೆತ್ತ ಹಿಡಿದು ಕೂರಬೇಕಾಯಿತು.

ಇದು ನಮ್ಮ ನಾಡಿನದೇ ಕಥೆ. 1989ರ ಏಪ್ರಿಲ್. ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿ. ಪಕ್ಷ ಬಿಟ್ಟ ಶಾಸಕರೊಬ್ಬರು, ಸರ್ಕಾರಕ್ಕೆ ತಮ್ಮ ಬೆಂಬಲವಿಲ್ಲವೆಂದು 19 ಶಾಸಕರು ಬರೆದ ಕಾಗದಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಮುಂದಿಟ್ಟರು. ರಾಜ್ಯಪಾಲರು 19ನೇ ತಾರೀಖು ರಾಷ್ಟ್ರಪತಿಗಳಿಗೆ ವರದಿ ಬರೆದರು. ಮಾರನೆಯ ದಿನವೇ ಆ 19 ಮಂದಿಯಲ್ಲಿ 7 ಮಂದಿ, ನಮಗೆ ತಪ್ಪು ತಿಳಿಸಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಕಡೆಯೇ ಎಂದು ಬರೆದುಕೊಟ್ಟರು. ಸಭೆ ಕರೆಯಿರಿ, ಅಲ್ಲೇ ಬಹುಮತ ತೋರಿಸುತ್ತೇನೆ ಎಂದರು ಮುಖ್ಯಮಂತ್ರಿಗಳು. ರಾಜ್ಯಪಾಲರು ಕೇಳಲಿಲ್ಲ. ಎರಡನೇ ವರದಿ ಹೋಯಿತು. 21ಕ್ಕೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ! ಗಿರಣಿಯಲ್ಲಿ ಒಬ್ಬ ಕಾಯಂ ಕೆಲಸಗಾರನನ್ನು ತೆಗೆಯಬೇಕಾದರೂ ಚಾರ್ಜ್‌ಶೀಟು ಕೊಟ್ಟು ಉತ್ತರ ಕೇಳಬೇಕು.

ಯೂನಿಯನ್ನಿಗೆ ಎಷ್ಟು ಮಂದಿಯ ಬೆಂಬಲವಿದೆ ಎಂಬುದನ್ನು ಗೇಟ್ ಮೀಟಿಂಗಿನಲ್ಲಿ ಕೈ ಎತ್ತಿಸಿ ನೋಡದೆ, ಜಾಬರ್ ತಂದ ಸಹಿಗಳನ್ನು ನೋಡಿ ಮ್ಯಾನೇಜರು ತನ್ನ ಕೋಣೆಯಲ್ಲೇ ತೀರ್ಮಾನಿಸಿದರೆ ಕೆಲಸಗಾರ ಬಂಧುಗಳು ಸುಮ್ಮನಿರುತ್ತಾರೆಯೆ? ತಕ್ಕಡಿ ಗಿರಾಕಿಯ ಕಣ್ಣೆದುರಿಗೇ ಇರಬೇಕೆಂಬುದು ಅಂಗಡಿಯ ಬಂಧುಗಳಿಗೆ ಗೊತ್ತು. ನಾವೂ ಮೇಷ್ಟರ ಕೆಲಸ ಮಾಡಿದವರು. ಹಾಜರಿ ಕೂಗಿದಾಗ ಪಕ್ಕದ ಹುಡುಗ ಓಗೊಟ್ಟರೆ ನಾವು ಒಪ್ಪುತ್ತಿರಲಿಲ್ಲ.

ಯಾರ ಕೈಯೂ ಇನ್ನೊಬ್ಬರ ಕುತ್ತಿಗೆಗೆ ಹೋಗಬಾರದೆಂದೇ ರಾಜ್ಯಾಂಗವು ಅಧಿಕಾರವನ್ನು ಹಂಚಿದೆ. ಆದರೂ ಅದರ 356ನೇ ವಿಧಿ, ರಾಜ್ಯದಲ್ಲಿ ರಾಜ್ಯಾಂಗದಂತೆ ಆಡಳಿತ ನಡೆಯದಾದಾಗ ಕೇಂದ್ರಕ್ಕೆ ಅದನ್ನು ಕೈಗೆತ್ತಿಕೊಳ್ಳಲು ದಾರಿಕೊಟ್ಟಿತು. ಇದು ಬಳಕೆಗೇ ಬಾರದಿರಲಿ ಎಂದು ಅಂಬೇಡ್ಕರರು 1949ರಲ್ಲಿ ಆಶಿಸಿದ್ದರು. ಹತ್ತೇ ವರ್ಷಕ್ಕೆ ಕೇರಳದ ನಂಬೂದಿರಿಪಾಡರ ಸರ್ಕಾರ ಇದಕ್ಕೆ ಬಲಿಯಾಯಿತು.

ಎಲ್ಲವೂ ಕಾಂಗ್ರೆಸಿಗರ ಪಾಪ ಎಂದು ಕೈ ತೊಳೆದುಕೊಳ್ಳಲು ನಮಗೆ ಮನಸ್ಸೊಪ್ಪದು. 1977ರಲ್ಲಿ ಸಮಾಜವಾದಿಗಳೂ ಮಂತ್ರಿಗಳಾಗಿದ್ದ ಜನತಾ ಸರ್ಕಾರವು ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಒಂದೇ ಏಟಿಗೆ ಕಿತ್ತುಹಾಕಿತು. ಡಿಸೆಂಬರ್ 31ರಂದು ಇಲ್ಲಿ ದೇವರಾಜ ಅರಸರ ಸರ್ಕಾರವನ್ನೂ ತೆಗೆಯಿತು. ಎರಡೇ ತಿಂಗಳಲ್ಲಿ ಜನ ಅದೇ ಅರಸರನ್ನು ಗೆಲ್ಲಿಸಿ ನಮ್ಮವರ ಕಪಾಳಕ್ಕೆ ಕೊಟ್ಟರು. ಕೊಟ್ಟದ್ದು ಸರಿಯೆ. 1980ರಲ್ಲಿ ಇಂದಿರಾ ಗಾಂಧಿಯವರು ಒಂಬತ್ತಕ್ಕೆ ಒಂಬತ್ತು ಎಂದು ಲೆಕ್ಕ ತೀರಿಸಿದರು.

ಬೊಮ್ಮಾಯಿಯವರು ಹೂಡಿದ ಮೊಕದ್ದಮೆಯಲ್ಲಿ 1994ರ ಮಾರ್ಚ್ 11ರಂದು ಬಂದ ತೀರ್ಪು ಇದಕ್ಕೆ ಬೇಲಿ ಹಾಕಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು. ರಾಷ್ಟ್ರಪತಿಗಳ ಘೋಷಣೆಗೆ ಏನು ಆಧಾರವೆಂದು ಕೋರ್ಟು ಕೇಳಬಹುದು. ಪಾರ್ಲಿಮೆಂಟಿನ ಎರಡೂ ಸಭೆಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಘೋಷಣೆ ತಪ್ಪಾಗಿದ್ದರೆ ಹಳೆಯ ಸರ್ಕಾರವನ್ನು ಮತ್ತೆ ಕೂರಿಸಬಹುದು.

ಬೇಲಿಯೇನೋ ಗಟ್ಟಿ. ಬೊಮ್ಮಾಯಿಯವರಿಗೆ ಬಂದದ್ದೇನು? 1989ರ ನವೆಂಬರಿನಲ್ಲೇ ಚುನಾವಣೆ ಮುಗಿದು ಬೇರೆಯವರು ಆಳಲು ಕುಳಿತಿದ್ದರು. ಗಿರಣಿ ಮುಚ್ಚಿದ ಮೇಲೆ ಲೇಬರ್ ಕೋರ್ಟಿನಲ್ಲಿ ಕೇಸು ಗೆದ್ದ ಕೂಲಿಗಾರನ ಹಾಗಾಯಿತು ಅವರ ಪಾಡು.

ಕೋರ್ಟು ಬೇಗ ಎದ್ದರೆ ಮಾತು ಬೇರೆ. 2016ರಲ್ಲಿ ಉತ್ತರಾಖಂಡದಲ್ಲಿ ಸದನದ ಪರೀಕ್ಷೆಗೆ ಒಂದೇ ದಿನ ಮೊದಲು ರಾಷ್ಟ್ರಪತಿ ಆಳ್ವಿಕೆ ಹೇರಿದರು. ಕೋರ್ಟು ಮೇ 10ರಂದು ಸದನದಲ್ಲೇ ಎಣಿಸಲು ಹೇಳಿತು. ವಜಾ ಆಗಿದ್ದ ಸರ್ಕಾರ ಗೆದ್ದು ಮತ್ತೆ ಕುಳಿತಿತು. 2018ರ ಮೇ ತಿಂಗಳಲ್ಲಿ ಕರ್ನಾಟಕದ ರಾಜ್ಯಪಾಲರು ಬಹುಮತ ತೋರಿಸಲು ಯಡಿಯೂರಪ್ಪನವರಿಗೆ 15 ದಿನ ಕೊಟ್ಟರು. ನಾಳೆಯೇ ತೋರಿಸಿ ಎಂದಿತು ಕೋರ್ಟು. ಅವರು ಮತಕ್ಕೆ ನಿಲ್ಲದೆ ರಾಜೀನಾಮೆಯಿತ್ತರು. ಹದಿನೈದು ದಿನದಲ್ಲಿ ಎರಡು ಸಂತೆ ನಡೆಯುತ್ತವೆ ಎಂದು ವ್ಯಾಪಾರಿಗಳಿಗೆ ನಾವು ಹೇಳಬೇಕೆ?

ಇಷ್ಟು ದಿನದೊಳಗೆ ಸದನ ಕರೆದು ಎಣಿಸಲೇಬೇಕೆಂದು ರಾಜ್ಯಾಂಗದಲ್ಲಿ ಬರೆದಿಲ್ಲ. ಬರೆಯಬೇಕು. ಲೋಕಸಭೆಗೆ ಓಟು ಕೇಳಲು ಬರುವವರನ್ನೆಲ್ಲ ಇದನ್ನು ಬರೆಸುತ್ತೀರಾ ಎಂದು ಕೇಳಿ. ನಮ್ಮ ಪಕ್ಷದವನು ಬಂದರೆ ಅವನನ್ನೇ ಮೊದಲು ಕೇಳಿ.