ಎಣಿಕೆಗೆ ಸಿಕ್ಕ ನಿಸಿದಿಗಳು, ಸಿಕ್ಕದ ಶ್ರಾವಕರು

ಶಾಸನಾಧ್ಯಯನದ ಪ್ರಬಂಧಗಳಲ್ಲಿ ಈಚೆಗೆ ಕೋಷ್ಟಕಗಳೂ ರೇಖಾಚಿತ್ರಗಳೂ ಹೆಚ್ಚುತ್ತಿವೆ. ಯಾವ ಶತಮಾನಕ್ಕೆ ಎಷ್ಟು ಜೈನ ಶಾಸನಗಳು ಎಂದು ಎಣಿಸಿ, ರೇಖೆ ಏರಿದ ಕಡೆ ಧರ್ಮದ ಉನ್ನತಿಯನ್ನೂ ಇಳಿದ ಕಡೆ ಅವನತಿಯನ್ನೂ ಕಾಣುವುದು ರೂಢಿಯಾಗುತ್ತಿದೆ. ಎಣಿಕೆಯನ್ನು ನಾನು ಹಳಿಯುವವನಲ್ಲ. ಭಾವಾವೇಶದ ಚರಿತ್ರೆಗಿಂತ ಅದು ಎಷ್ಟೋ ಮೇಲು. ಆದರೆ ದತ್ತಾಂಶ ಎಂದು ನಾವು ಕೈಗೆತ್ತಿಕೊಳ್ಳುವುದು ಹೇಗೆ ದತ್ತವಾಯಿತು, ಯಾರಿಂದ ದತ್ತವಾಯಿತು ಎಂಬ ಪ್ರಶ್ನೆಯನ್ನು ಕೇಳದೆ ರೇಖೆ ಎಳೆಯುವುದು ಸಲ್ಲದು.

ಶ್ರವಣಬೆಳಗೊಳವನ್ನೇ ನೋಡಬಹುದು. ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಲ್ಲಿಯ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ 1923ರ ಆವೃತ್ತಿಯಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573. ಈ ಅವಧಿಯಲ್ಲಿ ಚಿಕ್ಕಬೆಟ್ಟದ ಮೇಲೆ ಯಾವ ಮುನಿಯೂ ಹೊಸದಾಗಿ ಪ್ರಾಚೀನನಾಗಲಿಲ್ಲ. ಹೆಚ್ಚಿದ್ದು ಹುಡುಕಿದವರ ಶ್ರಮ. 1889ರ ಸಂಪುಟವನ್ನಷ್ಟೇ ಇಟ್ಟುಕೊಂಡು ಒಬ್ಬ ವಿದ್ಯಾರ್ಥಿ ಶತಮಾನವಾರು ರೇಖೆ ಎಳೆದಿದ್ದರೆ, ಅದು ಬೆಟ್ಟದ ಚರಿತ್ರೆಯಷ್ಟೇ ಸಂಗ್ರಹಕಾರ್ಯದ ಚರಿತ್ರೆಯೂ ಆಗಿರುತ್ತಿತ್ತು. ಆದರೂ ಯಾವ ಆವೃತ್ತಿಯಿಂದ ಎಣಿಸಿದೆವೆಂದು ಸ್ಪಷ್ಟವಾಗಿ ನಮೂದಿಸದ ಪ್ರಬಂಧಗಳನ್ನು ನಾನು ಓದಬೇಕಾಗಿ ಬಂದಿದೆ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದುದು. ಬಂಡೆಯ ಮೇಲಿನ ಒಂದೆರಡು ಸಾಲಿನ ನಿಸಿದಿಯಲ್ಲಿ ಒಬ್ಬ ಗಂತಿಯ ಹೆಸರು ಉಳಿದಿರುವುದು, ಅದನ್ನು ಬರೆಯಿಸಲು ಯಾರೋ ಇದ್ದುದರಿಂದ. ಬರೆಯಿಸುವವರಿಲ್ಲದೆ ನೋಂತು ಮುಡಿಪಿದವರು ನಮ್ಮ ಕೋಷ್ಟಕದಲ್ಲಿ ಶೂನ್ಯವೂ ಅಲ್ಲ. ಶೂನ್ಯಕ್ಕಾದರೂ ಒಂದು ಮನೆ ಬೇಕಲ್ಲವೆ? ಬಸದಿಗೆ ಗದ್ದೆ ಬಿಟ್ಟ ದಂಡನಾಯಕನು ದಾಖಲಾಗುತ್ತಾನೆ, ಆ ಗದ್ದೆಯನ್ನು ಉತ್ತವನು ಆಗುವುದು ಅಪರೂಪ.

ಹಸ್ತಪ್ರತಿಗಳ ಲೆಕ್ಕದಲ್ಲೂ ಇದೇ ಕಥೆ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಇಂದು ದೊರೆಯುವ ಓಲೆಪ್ರತಿಗಳು ಬೆರಳೆಣಿಕೆಯವು. ಉಳಿದ ಪ್ರತಿಗಳಿಂದ ಓದುಗರನ್ನು ಊಹಿಸುವುದು ತಪ್ಪು. ಸಾವಿರದಿಂದ ಊಹಿಸುವುದೂ ತಪ್ಪು, ಏಕೆಂದರೆ ಶಾಸ್ತ್ರದಾನ ಪುಣ್ಯಕಾರ್ಯ, ದಾನ ಪಡೆದವರೆಲ್ಲ ಓದಿದರೆಂದಲ್ಲ. ಇತ್ತ ಮೂಡಬಿದಿರೆಯಲ್ಲಿ ಮಾತ್ರ ಶತಮಾನಗಳ ಕಾಲ ಉಳಿದಿದ್ದ ಧವಳಾ ಟೀಕೆಯ ಓಲೆಗಳು ಸಂಖ್ಯೆಯಲ್ಲಿ ಅತ್ಯಲ್ಪ. ಪ್ರತಿಗಳ ಸಂಖ್ಯೆಯೇ ಮಹತ್ತ್ವದ ಅಳತೆಯಾದರೆ ಷಟ್ಖಂಡಾಗಮ ಯಾವ ಸಾಲಿನಲ್ಲಿ ಬರುತ್ತದೆ?

ನಮ್ಮ ನ್ಯಾಯಶಾಸ್ತ್ರಕಾರರು ಇಂಥ ಸಂದರ್ಭಕ್ಕೆ ಒಳ್ಳೆಯ ಪರಿಭಾಷೆಯನ್ನು ಕೊಟ್ಟಿದ್ದಾರೆ. ವಸ್ತುವನ್ನು ಸಮಗ್ರವಾಗಿ ಗ್ರಹಿಸುವುದು ಪ್ರಮಾಣ, ಒಂದು ಮುಖದಿಂದ ಗ್ರಹಿಸುವುದು ನಯ, ಉಳಿದ ಮುಖಗಳನ್ನು ಅಲ್ಲಗಳೆಯುವ ನಯ ದುರ್ನಯ. ಸಂಖ್ಯೆ ಒಂದು ನಯ. ಅದನ್ನು ಪ್ರಮಾಣವೆಂದು ಮಂಡಿಸಿದಾಗಲೇ ಕೇಡು.

ಇದು ಶಿಲೆ, ಓಲೆಗಳ ಮಾತಷ್ಟೇ ಅಲ್ಲ. 2011ರ ಜನಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಗಣತಿದಾರನು ಧರ್ಮ ಯಾವುದೆಂದು ಕೇಳಿದಾಗ ಮನೆಯ ಹಿರಿಯರು ‘ಹಿಂದೂ’ ಎಂದರೂ, ‘ಚತುರ್ಥ’, ‘ಪಂಚಮ’ ಎಂದು ಪಂಗಡದ ಹೆಸರನ್ನೇ ಹೇಳಿದರೂ ಆ ಕುಟುಂಬ ಬೇರೆಡೆಗೆ ಸೇರಿಹೋಗಬಹುದು. ಆದುದರಿಂದ ಈ ಅಂಕಿಯನ್ನು ಹಾಗೆ ಉತ್ತರಿಸಿದವರ ಸಂಖ್ಯೆಯೆಂದೇ ಓದಬೇಕು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಮೇಲೆ ವಿದ್ಯಾರ್ಥಿವೇತನದಂಥ ವಿಷಯಗಳಲ್ಲಿ ಆ ಉತ್ತರಕ್ಕೆ ಹೊಸ ತೂಕ ಬಂದಿದೆ. ಮುಂದಿನ ಗಣತಿಯಲ್ಲಿ ಸಂಖ್ಯೆ ಹೆಚ್ಚಿದರೆ, ಜನ ಹೆಚ್ಚಿದರೋ ಉತ್ತರ ಬದಲಾಯಿತೋ ಎಂದು ಬಿಡಿಸಿ ನೋಡುವ ಕೆಲಸ ಸಂಶೋಧಕರಿಗೆ ಕಾದಿದೆ.

ಅದೇ ಗಣತಿಯ ಪ್ರಕಾರ ಜೈನರ ಸಾಕ್ಷರತೆ ಶೇ. 94.9. ಸಭೆಗಳಲ್ಲಿ ಹೆಮ್ಮೆಯಿಂದ ಉಲ್ಲೇಖಿಸುವ ಅಂಕಿ ಇದು. ಏಳು ವರ್ಷ ತುಂಬಿ, ಯಾವುದಾದರೂ ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರೆಲ್ಲ ಅದರಲ್ಲಿ ಸಾಕ್ಷರರು. ತಮ್ಮ ಊರ ಬಸದಿಯ ಬಾಗಿಲಲ್ಲಿ ನಿಂತಿರುವ ಶಾಸನವನ್ನು ಓದಬಲ್ಲವರು ಅವರಲ್ಲಿ ಎಷ್ಟು ಮಂದಿ ಎಂಬುದಕ್ಕೆ ಗಣತಿಯ ನಮೂನೆಯಲ್ಲಿ ಕಲಮಿಲ್ಲ.