ಸರ್ವಾಧಿಕಾರಿ ಎಂಬ ಮಾತು

“ಐದು ವರ್ಷ ಒಬ್ಬ ಸರ್ವಾಧಿಕಾರಿಯ ಕೈಗೆ ದೇಶವನ್ನು ಒಪ್ಪಿಸಿದರೆ ಎಲ್ಲವೂ ನೆಟ್ಟಗಾದೀತು” ಎಂಬ ಮಾತನ್ನು ರೈಲುಬಂಡಿಯಲ್ಲಿಯೂ ಕಚೇರಿಯ ಮೊಗಸಾಲೆಯಲ್ಲಿಯೂ ನಾವು ಪದೇ ಪದೇ ಕೇಳುತ್ತಿದ್ದೇವೆ. ಆಡುವವರು ಓದುಬರಹ ಬಲ್ಲವರೇ. ಆದುದರಿಂದ ಈ ಶಬ್ದದ ಹುಟ್ಟನ್ನು ತುಸು ವಿಚಾರಿಸುವುದು ಅಪ್ರಸ್ತುತವಾಗಲಾರದು.

ನಾವು ಸರ್ವಾಧಿಕಾರಿ ಎಂದು ಕನ್ನಡಿಸಿಕೊಂಡಿರುವ ‘ಡಿಕ್ಟೇಟರ್’ ರೋಮನರ ಲ್ಯಾಟಿನ್ ಶಬ್ದ. ಆಜ್ಞೆಯನ್ನು ನುಡಿಯುವವನೆಂದು ಅದರ ಅರ್ಥ. ಮೊದಲಿಗೆ ಅದು ಬೈಗುಳವಾಗಿರಲಿಲ್ಲ, ಕಟ್ಟಳೆಗೊಳಪಟ್ಟ ಹುದ್ದೆಯಾಗಿತ್ತು. ರೋಮಿನ ಗಣರಾಜ್ಯವನ್ನು ವರ್ಷಕ್ಕೆ ಇಬ್ಬರಂತೆ ಕಾನ್ಸಲರು ಆಳುತ್ತಿದ್ದರು. ಮಹಾಗಂಡಾಂತರವೊದಗಿದಾಗ ಮಾತ್ರ ಒಬ್ಬನಿಗೆ ಸಕಲಾಧಿಕಾರವನ್ನೂ ವಹಿಸುತ್ತಿದ್ದರು. ಅದೂ ಹೆಚ್ಚೆಂದರೆ 6 ತಿಂಗಳು. ಕ್ರಿ.ಪೂ. 458ರಲ್ಲಿ ಸಿನ್ಸಿನಾಟಸನನ್ನು ಹೊಲದಿಂದ ಕರೆತಂದು ಈ ಪದವಿಯಲ್ಲಿರಿಸಿದರೆಂದೂ, ಅವನು ಶತ್ರುಗಳನ್ನು ಗೆದ್ದು 16ನೆಯ ದಿನವೇ ಅದನ್ನು ಬಿಟ್ಟುಕೊಟ್ಟನೆಂದೂ ಇತಿಹಾಸಕಾರ ಲಿವಿ ಬರೆದಿದ್ದಾನೆ. ಕಥೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಅವರ ಆದರ್ಶವೇನಿತ್ತೆಂಬುದು ಸ್ಪಷ್ಟ.

ಗಡುವು ಮುರಿದಂದು ಶಬ್ದವೂ ಕೆಟ್ಟಿತು. ಕ್ರಿ.ಪೂ. 82ರಲ್ಲಿ ಸುಲ್ಲನು ಅವಧಿಯಿಲ್ಲದೆ ಈ ಪದವಿಯನ್ನು ಹಿಡಿದು, ವೈರಿಗಳ ಹೆಸರುಗಳನ್ನು ಬಹಿರಂಗವಾಗಿ ಬರೆಯಿಸಿ ಹಚ್ಚಿ ಕೊಲ್ಲಿಸಿದನು. ಮುಂದೆ ಅವನೇನೋ ತಾನಾಗಿ ಕೆಳಗಿಳಿದನು. ದಾರಿ ಮಾತ್ರ ತೆರೆದೇ ಉಳಿಯಿತು. ಕ್ರಿ.ಪೂ. 44ರಲ್ಲಿ ಸೀಸರನು ಅದನ್ನು ಆಜೀವಪರ್ಯಂತ ಪಡೆದು, ಆ ಮಾರ್ಚಿಯಲ್ಲಿಯೇ ಹತನಾದನು. ಬಳಿಕ ಆಂಟನಿಯು ಆ ಹುದ್ದೆಯನ್ನೇ ಕಾನೂನಿನಿಂದ ರದ್ದುಗೊಳಿಸಿದನು. ಐದು ವರ್ಷ ಕೊಡಹೊರಟಿರುವ ನಮ್ಮ ಮಿತ್ರರು, ಆರನೆಯ ವರ್ಷ ಅದನ್ನು ಮರಳಿ ಕೇಳುವವರಾರೆಂಬುದನ್ನು ಹೇಳುವುದಿಲ್ಲ.

ನಮ್ಮ ಕನ್ನಡ ಮಾತಿಗೂ ಇಂಥದೇ ಗತಿ. ಮೈಸೂರಿನಲ್ಲಿ ಸರ್ವಾಧಿಕಾರಿಯೆಂದರೆ ಅರಸನ ಕೈಕೆಳಗಿನ ಮಂತ್ರಿ. 18ನೆಯ ಶತಮಾನದಲ್ಲಿ ನಂಜರಾಜಯ್ಯನೂ, 1761ರ ತರುವಾಯ ಹೈದರಾಲಿಯೂ ಅದೇ ಹೆಸರಿನಿಂದ ರಾಜ್ಯವನ್ನು ನಡೆಸಿದರು. ಒಡೆಯರು ಸಿಂಹಾಸನದಲ್ಲಿ ಕುಳಿತಿದ್ದರು, ಅಷ್ಟೆ. 1932ರಲ್ಲಿ ಕಾಂಗ್ರೆಸ್ಸು ಚಳವಳಿಯ ಮುಖಂಡರನ್ನೂ ಡಿಕ್ಟೇಟರರೆಂದೇ ಕರೆಯುತ್ತಿತ್ತು. ಒಬ್ಬನು ಸೆರೆಗೆ ಹೋದೊಡನೆ ಮತ್ತೊಬ್ಬನು. ಆ ಸರ್ವಾಧಿಕಾರದ ಅವಧಿಯನ್ನು ಪೊಲೀಸರೇ ನಿಶ್ಚಯಿಸುತ್ತಿದ್ದರು!

ಸ್ವತಂತ್ರ ಭಾರತದಲ್ಲಿ 1975ರ ಜೂನ್ 25ರಂದು ಸಾರಿದ ತುರ್ತುಪರಿಸ್ಥಿತಿಯು 21 ತಿಂಗಳು ನಡೆಯಿತು. ಪಾರ್ಲಿಮೆಂಟು ಒಮ್ಮೆ ಒಪ್ಪಿದ ಬಳಿಕ, ಸರಕಾರವು ಹಿಂತೆಗೆಯುವ ತನಕ ಅದಕ್ಕೆ ಕೊನೆಯಿರಲಿಲ್ಲ. ಪಾರ್ಲಿಮೆಂಟಿನ ಎರಡೂ ಸಭೆಗಳು 6 ತಿಂಗಳಿಗೊಮ್ಮೆ ಮರಳಿ ಒಪ್ಪದಿದ್ದರೆ ಅಂಥ ಘೋಷಣೆಯು ತಾನಾಗಿ ಬೀಳತಕ್ಕದ್ದೆಂದು 1978ರ 44ನೆಯ ತಿದ್ದುಪಡಿಯು ವಿಧಿಸಿತು. ರೋಮನರು ಇಟ್ಟಿದ್ದ ಗಡುವೂ ಅಷ್ಟೇ ಆಗಿತ್ತು.